ನಿಂತಲ್ಲೇ ನಡುಗುವ ಕಾರು: ಹಳೆಯ ಆಲ್ಫಾ ರೋಮಿಯೊ ಜಿಟಿವಿ6 ಒಂದರ ಖರೀದಿ ಮತ್ತು ದುರಸ್ತಿ

1984ರಲ್ಲಿ ತಯಾರಾದ, ಇಟಲಿಯ ಆಲ್ಫಾ ರೋಮಿಯೊ ಕಂಪನಿಯ ಜಿಟಿವಿ6 ಕಾರು. ಓಡೋಮೀಟರ್ ಒಂದು ಲಕ್ಷ ಕಿಲೋಮೀಟರಿಗೆ ಸ್ವಲ್ಪ ಕಡಿಮೆ ತೋರಿಸುತ್ತಿತ್ತು. ಕಡೆಯ ಕೆಲವು ವರ್ಷಗಳಲ್ಲಿ ಓಡಿದ್ದಕ್ಕಿಂತ ಶೆಡ್ಡಿನಲ್ಲಿ ನಿಂತದ್ದೇ ಹೆಚ್ಚು. ಮಾಲೀಕರು ಬೆಲೆಯನ್ನು ತಾವೇ ಇಳಿಸಿದ್ದರು. ಕಾರಿಗೆ ಎರಡು ಕಾಯಿಲೆಗಳಿದ್ದವು: ವೇಗ ಏರಿದಂತೆ ಇಡೀ ಗಾಡಿ ನಡುಗುತ್ತಿತ್ತು, ಎರಡನೇ ಗೇರಿಗೆ ಹಾಕುವಾಗ ಕರಕರ ಸದ್ದು ಬರುತ್ತಿತ್ತು. ನಡುಕ ಹೋಗಲಾಡಿಸಲು ಅವರು ಮಾಡಿಸದ ಕೆಲಸವಿಲ್ಲ. ಚಕ್ರಗಳನ್ನು ಮತ್ತೆ ಮತ್ತೆ ಬ್ಯಾಲೆನ್ಸ್ ಮಾಡಿಸಿದ್ದರು, ಹಿಂದಿನ ಚಕ್ರದ ಬೇರಿಂಗ್ ಬದಲಿಸಿದ್ದರು, ಹಿಂಬದಿಯ ಡ್ರೈವ್ ಶಾಫ್ಟ್‌ಗಳ ಜಾಯಿಂಟ್‌ಗಳನ್ನೂ ಹೊಸದಾಗಿ ಹಾಕಿಸಿದ್ದರು. ಏನೂ ಪ್ರಯೋಜನವಾಗದೆ ಹೋದಾಗ ಗ್ಯಾರೇಜಿನವರು ‘ಗೇರ್‌ಬಾಕ್ಸ್ ಓವರ್‌ಹಾಲ್ ಆಗಬೇಕು’ ಎಂದು ಬರೆದುಕೊಟ್ಟು ಕೈತೊಳೆದುಕೊಂಡಿದ್ದರು.

ಕೊಳ್ಳಲು ಹೊರಟಿದ್ದವನು ನನ್ನ ಗೆಳೆಯ. ಅವನ ಲೆಕ್ಕ ಸರಳವಾಗಿತ್ತು. ‘ಇಳಿಸಿದ ಬೆಲೆಗೆ ಗೇರ್‌ಬಾಕ್ಸಿನ ಖರ್ಚು ಸೇರಿಸಿದರೂ ಮಾರುಕಟ್ಟೆ ದರಕ್ಕಿಂತ ಕಡಿಮೆಯೇ ಆಗುತ್ತದೆ. ಕೊಳ್ಳಬಹುದಲ್ಲವೇ?’ ಕೂಡುವ, ಕಳೆಯುವ ಲೆಕ್ಕ ಸರಿಯಾಗಿತ್ತು. ಆದರೆ ಕೂಡಬೇಕಾದ ಬಾಬತ್ತು ಗೇರ್‌ಬಾಕ್ಸ್ ಆಗಿರಲಿಲ್ಲ. ಅದಕ್ಕಿಂತ ದೊಡ್ಡ ಬಾಬತ್ತು ಲೆಕ್ಕದ ಹಾಳೆಯಲ್ಲೇ ಇರಲಿಲ್ಲ.

ಕಾರಿನ ಜೋಡಣೆ

ಈ ಕಾರಿನ ಕಾಯಿಲೆಗಳನ್ನು ತಿಳಿಯಬೇಕಾದರೆ ಮೊದಲು ಅದರ ಅಂಗರಚನೆ ತಿಳಿಯಬೇಕು. ಜಿಟಿವಿ6ರ ಮೂಲ 1972ರ ಆಲ್ಫೆಟ್ಟಾ ಸೆಡಾನ್. 1974ರಲ್ಲಿ ಅದರ ಕೂಪೆ, ಅಂದರೆ ಎರಡು ಬಾಗಿಲಿನ ರೂಪ, ಬಂತು. ಆಕಾರ ಕೊಟ್ಟವರು ಜೊರ್ಜೆಟ್ಟೊ ಜುಜಾರೊ. 1980ರಲ್ಲಿ ಅದೇ ಕೂಪೆಯ ಮೂತಿಯೊಳಗೆ ಜುಸೆಪ್ಪೆ ಬುಸ್ಸೊ ರೂಪಿಸಿದ ವಿ6 (ವಿ ಆಕಾರದಲ್ಲಿ ಆರು ಸಿಲಿಂಡರ್) ಎಂಜಿನ್ ಕೂರಿಸಿದರು. 2,492 ಸಿಸಿ, ಸುಮಾರು 160 ಅಶ್ವಶಕ್ತಿ, ಬಾಷ್ ಕಂಪನಿಯ ಎಲ್-ಜೆಟ್ರಾನಿಕ್ ಪೆಟ್ರೋಲ್ ಇಂಜೆಕ್ಷನ್. ಎಂಜಿನ್ ಎತ್ತರವಾದ್ದರಿಂದ ಬಾನೆಟ್ ಮೇಲೆ ಉಬ್ಬೊಂದನ್ನು ಕೊಡಬೇಕಾಯಿತು. ಆ ಉಬ್ಬೇ ಇಂದು ಈ ಕಾರಿನ ಗುರುತು.

ಎಂಜಿನ್ ಮುಂದಿದೆ, ಅದು ತಿರುಗಿಸುವ ಚಕ್ರಗಳು ಹಿಂದಿವೆ, ಇಷ್ಟರವರೆಗೆ ವಿಶೇಷವೇನಿಲ್ಲ. ಆದರೆ ಆಲ್ಫಾದ ಎಂಜಿನಿಯರುಗಳು ಗೇರ್‌ಬಾಕ್ಸನ್ನು ಎಂಜಿನ್ ಬೆನ್ನಿನಿಂದ ಬಿಚ್ಚಿ, ಹಿಂಬದಿಯ ಡಿಫರೆನ್ಷಿಯಲ್ (ಶಕ್ತಿಯನ್ನು ಎರಡೂ ಹಿಂಚಕ್ರಗಳಿಗೆ ಹಂಚುವ ಭಾಗ) ಜೊತೆ ಸೇರಿಸಿದರು. ಕ್ಲಚ್ಚೂ ಹಿಂದಕ್ಕೆ ಹೋಯಿತು. ಹಿಂದಿನ ಬ್ರೇಕ್ ಡಿಸ್ಕುಗಳನ್ನೂ ಚಕ್ರದಿಂದ ಕಳಚಿ ಗೇರ್‌ಬಾಕ್ಸಿನ ಮಗ್ಗುಲಿಗೇ ತಂದರು. ಭಾರ ಮುಂದೆ ಹಿಂದೆ ಹೆಚ್ಚುಕಡಿಮೆ ಸಮನಾಗಿ ಹಂಚಿಹೋಯಿತು. ತಿರುವಿನಲ್ಲಿ ಕಾರು ಚಾಲಕನ ಮಾತು ಕೇಳುವುದಕ್ಕೆ, 1982ರಿಂದ 1985ರವರೆಗೆ ಸತತ ನಾಲ್ಕು ವರ್ಷ ಯುರೋಪಿಯನ್ ಟೂರಿಂಗ್ ಕಾರ್ ಚಾಂಪಿಯನ್‌ಷಿಪ್‌ನಲ್ಲಿ ತಯಾರಕರ ಪಟ್ಟ ಆಲ್ಫಾಕ್ಕೆ ಸಿಕ್ಕಿದ್ದಕ್ಕೆ ಈ ಸಮತೋಲದ ಪಾಲು ದೊಡ್ಡದು.

ಇದಕ್ಕೆ ತೆತ್ತ ಬೆಲೆ ಕಾರಿನ ಹೊಟ್ಟೆಯಡಿಯಲ್ಲಿದೆ. ಎಂಜಿನ್ನಿನಿಂದ ಹಿಂದಿನ ಕ್ಲಚ್ಚಿನವರೆಗೆ ಎಂಜಿನ್ನಿನ ಶಕ್ತಿಯನ್ನು ಸಾಗಿಸುವ ಎರಡು ತುಂಡಿನ ಉದ್ದ ಸರಳು, ಪ್ರೊಪೆಲ್ಲರ್ ಶಾಫ್ಟ್, ಹೋಗುತ್ತದೆ. ನಡುವೆ ಒಂದು ಬೇರಿಂಗ್, ಮುಂದೆ, ನಡುವೆ, ಹಿಂದೆ ಅದನ್ನು ಜೋಡಿಸುವ ಒಟ್ಟು ಮೂರು ದಪ್ಪ ರಬ್ಬರ್ ಕಪ್ಲಿಂಗ್. ಮಾಮೂಲಿ ಹಿಂಚಕ್ರ ಚಾಲನೆಯ ಕಾರಿನಲ್ಲಿ ಈ ಶಾಫ್ಟ್ ಗೇರ್‌ಬಾಕ್ಸಿನ ಆಚೆಗಿರುತ್ತದೆ. ಚಕ್ರ ತಿರುಗಿದರೆ ಮಾತ್ರ ಅದೂ ತಿರುಗುತ್ತದೆ. ಇಲ್ಲಿ ಅದು ಕ್ಲಚ್ಚಿಗಿಂತ ಮೊದಲೇ ಇದೆ. ಎಂಜಿನ್ ತಿರುಗುವಷ್ಟು ಹೊತ್ತೂ, ಎಂಜಿನ್ನಿನದೇ ವೇಗದಲ್ಲಿ ಶಾಫ್ಟ್ ತಿರುಗುತ್ತಿರುತ್ತದೆ. ನ್ಯೂಟ್ರಲ್‌ನಲ್ಲಿ ನಿಂತಿದ್ದರೂ ಸರಿ, ಕ್ಲಚ್ ಒತ್ತಿದ್ದರೂ ಸರಿ.

ಕ್ಲಚ್ಚನ್ನು ಮುಂದೆಯೇ ಇಡಬಹುದಿತ್ತಲ್ಲ ಎನ್ನಬಹುದು. ಹಾಗೆ ಇಟ್ಟಿದ್ದರೆ ಪ್ರತಿ ಗೇರ್ ಬದಲಾವಣೆಯಲ್ಲೂ ಅಷ್ಟುದ್ದದ ಶಾಫ್ಟಿನ ವೇಗವನ್ನು ಪಾಪದ ಸಿಂಕ್ರೊ ರಿಂಗುಗಳೇ (ಗೇರ್ ಬೀಳುವ ಮೊದಲು ಗೇರುಗಳ ವೇಗವನ್ನು ಹೊಂದಿಸುವ ಉಂಗುರಗಳು) ಹತೋಟಿಗೆ ತರಬೇಕಾಗುತ್ತಿತ್ತು. ಆಲ್ಫಾದವರು ಯೋಚಿಸಿಯೇ ಮಾಡಿದ್ದಾರೆ. ಗ್ಯಾರೇಜಿನವರು ಅದನ್ನು ಯೋಚಿಸಲಿಲ್ಲ, ಅಷ್ಟೇ.

ನಡುಕದ ಪತ್ತೆ

ಕಾರು ನೋಡಲು ಹೋದಾಗ ನಾವು ಮೊದಲು ಅದನ್ನು ಓಡಿಸಲೇ ಇಲ್ಲ. ಎಂಜಿನ್ ಬಿಸಿಯಾಗುವವರೆಗೆ ಕಾದು, ನ್ಯೂಟ್ರಲ್‌ನಲ್ಲಿ ಹ್ಯಾಂಡ್‌ಬ್ರೇಕ್ ಎಳೆದು, ಆಕ್ಸಿಲರೇಟರನ್ನು ನಿಧಾನವಾಗಿ ಒತ್ತುತ್ತ ಹೋದೆವು. 2,500 ಆರ್‌ಪಿಎಂ ಹತ್ತಿರ ಗೇರ್ ಲಿವರ್ ಅದುರತೊಡಗಿತು, ಬೆನ್ನಿಗೆ ಸೀಟಿನ ಕಂಪನ ತಾಗಿತು. 3,000 ದಾಟುತ್ತಿದ್ದಂತೆ ಶಾಂತವಾಯಿತು. 4,000ದ ಆಸುಪಾಸಿನಲ್ಲಿ ಮತ್ತೆ ಬಂತು, ಈ ಸಲ ಜೋರಾಗಿ. ಕ್ಲಚ್ ಪೂರ್ತಿ ಒತ್ತಿ ಅದನ್ನೇ ಮಾಡಿದೆವು. ಕಿಂಚಿತ್ತೂ ವ್ಯತ್ಯಾಸವಿಲ್ಲ.

ಚಕ್ರ ತಿರುಗದೆ ಇರುವಾಗ ಚಕ್ರದ ಬ್ಯಾಲೆನ್ಸ್ ಹೇಗೆ ತಪ್ಪೀತು? ಕ್ಲಚ್ ಒತ್ತಿದಾಗ ಗೇರ್‌ಬಾಕ್ಸಿಗೆ ಶಕ್ತಿಯೇ ಹೋಗುವುದಿಲ್ಲವೆಂದ ಮೇಲೆ ಗೇರ್‌ಬಾಕ್ಸ್ ಏಕೆ ನಡುಗೀತು? ಉಳಿಯುವುದು ಎರಡೇ: ಎಂಜಿನ್, ಇಲ್ಲವೇ ಶಾಫ್ಟ್. ಎಂಜಿನ್ 60 ಡಿಗ್ರಿಯ ವಿ6. ಹುಟ್ಟಿನಿಂದಲೇ ನಯವಾಗಿ ತಿರುಗುವ ಜಾತಿ. ಐಡ್ಲಿಂಗ್‌ನಲ್ಲಿ ತಣ್ಣಗೆ ಕುಳಿತಿತ್ತು. ಮೌಂಟ್‌ಗಳು ಹೋಗಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು.

ಆಮೇಲೆ ರಸ್ತೆಗೆ ಇಳಿಸಿ ಖಚಿತ ಮಾಡಿಕೊಂಡೆವು. ಒಂದೇ ವೇಗದಲ್ಲಿ ಮೂರನೇ ಗೇರಿನಲ್ಲೂ ನಾಲ್ಕನೇ ಗೇರಿನಲ್ಲೂ ಓಡಿಸುವುದು. ದೋಷ ಚಕ್ರದ್ದಾದರೆ ನಡುಕ ಸ್ಪೀಡೋಮೀಟರಿನ ಮುಳ್ಳನ್ನು ಹಿಂಬಾಲಿಸುತ್ತದೆ. ಎಂಜಿನ್ ಅಥವಾ ಶಾಫ್ಟಿನದಾದರೆ ಆರ್‌ಪಿಎಂ ಮುಳ್ಳನ್ನು. ಅದು ಆರ್‌ಪಿಎಂ ಮುಳ್ಳಿನ ಬೆನ್ನು ಬಿಡಲಿಲ್ಲ. ಗ್ಯಾರೇಜಿನವರು ಇಷ್ಟೆಲ್ಲ ಬದಲಿಸುವ ಮೊದಲು ಹತ್ತು ನಿಮಿಷ ಇದಕ್ಕೆ ಕೊಟ್ಟಿದ್ದರೆ ಮಾಲೀಕರ ಹಣ ಉಳಿಯುತ್ತಿತ್ತು. ಬೇರೆ ಕಾರುಗಳಲ್ಲಿ ಕಲಿತ ಪಾಠವನ್ನು ಈ ಕಾರಿಗೂ ಓದಿದರು. ಅಲ್ಲಿ ಶಾಫ್ಟಿನ ನಡುಕ ಕಾರಿನ ವೇಗಕ್ಕೆ ತಕ್ಕಂತೆ ಬರುತ್ತದೆ, ಇಲ್ಲಿ ಬರುವುದಿಲ್ಲ.

ಜಾಕ್ ಏರಿಸಿ, ಕೆಳಗೆ ಭದ್ರವಾಗಿ ಸ್ಟ್ಯಾಂಡ್ ಕೊಟ್ಟು ಟಾರ್ಚ್ ಬಿಟ್ಟಾಗ ಅನುಮಾನಕ್ಕೆ ಜಾಗವೇ ಉಳಿಯಲಿಲ್ಲ. ಮುಂದಿನ ಕಪ್ಲಿಂಗ್ ಮೇಲೆ ಎಂಜಿನ್ ಹಿಂಭಾಗದಿಂದ ಸೋರಿದ ಆಯಿಲ್ ಕಪ್ಪಗೆ ಹಿಡಿದು, ರಬ್ಬರ್ ಊದಿ ಮೆತ್ತಗಾಗಿತ್ತು. ನಡುವಿನದರಲ್ಲಿ ಬೋಲ್ಟ್ ತೂತುಗಳ ಸುತ್ತ ಬಿರುಕು. ಸ್ಕ್ರೂಡ್ರೈವರ್ ತುದಿ ಒಳಹೋಗುವಷ್ಟು ಆಳ.

ಇನ್ನು ಎರಡನೇ ಗೇರು. ಈ ಗೇರ್‌ಬಾಕ್ಸಿನಲ್ಲಿ ಎರಡನೇ ಗೇರಿನ ಸಿಂಕ್ರೊ ದುರ್ಬಲ ಎಂಬುದು ಲೋಕಪ್ರಸಿದ್ಧ. ಲೋಕಪ್ರಸಿದ್ಧ ದೋಷದ ತೊಂದರೆಯೆಂದರೆ, ಅದರ ಹೆಸರು ಕೇಳಿದ ಕೂಡಲೇ ಎಲ್ಲರೂ ಯೋಚಿಸುವುದನ್ನು ನಿಲ್ಲಿಸುತ್ತಾರೆ. ನಿಂತ ಕಾರಿನಲ್ಲಿ ಕ್ಲಚ್ ಒತ್ತಿ, ನಾಲ್ಕೈದು ಸೆಕೆಂಡ್ ತಡೆದು, ರಿವರ್ಸ್ ಹಾಕಿ ನೋಡಿದೆವು. ರಿವರ್ಸಿಗೆ ಸಿಂಕ್ರೊ ಇಲ್ಲ. ಕ್ಲಚ್ ಗೇರ್‌ಬಾಕ್ಸನ್ನು ಶಾಫ್ಟಿನಿಂದ ಪೂರ್ತಿ ಬೇರ್ಪಡಿಸಿದ್ದರೆ ಒಳಗಿನ ಗೇರುಗಳು ಅಷ್ಟರಲ್ಲಿ ನಿಂತು, ಗೇರ್ ಸದ್ದಿಲ್ಲದೆ ಬೀಳಬೇಕು. ಇಲ್ಲಿ ಕರ್ರೆಂದಿತು. ಪೆಡಲನ್ನು ಎರಡು ಮೂರು ಸಲ ಪಟಪಟ ಒತ್ತಿ ಹಾಕಿದರೆ ಸಲೀಸಾಗಿ ಬಿತ್ತು. ಅಂದರೆ ಕ್ಲಚ್ಚಿನ ಹೈಡ್ರಾಲಿಕ್ ವ್ಯವಸ್ಥೆ ಪೂರ್ತಿ ತಳ್ಳುತ್ತಿಲ್ಲ. ಸಿಂಕ್ರೊ ಸವೆದಿರಬಹುದು, ಆದರೆ ಆರೋಪವೆಲ್ಲ ಅದರದಲ್ಲ.

ನೋಡಬೇಕಾದದ್ದು

ಇಲ್ಲಿಗೆ ಗೆಳೆಯನ ಮುಖ ಅರಳಿತು. ಗೇರ್‌ಬಾಕ್ಸ್ ಬಿಚ್ಚಬೇಕಿಲ್ಲ, ಮೂರು ರಬ್ಬರು, ಒಂದು ಹೋಸು, ಮುಗಿಯಿತು! ಆದರೆ ಹಳೆಯ ಇಟಾಲಿಯನ್ ಕಾರನ್ನು ಮುಗಿಸುವುದು ಯಂತ್ರವಲ್ಲ, ತಗಡು. ಬುಸ್ಸೊ ಎಂಜಿನ್ ಅನ್ನು ಎಷ್ಟು ಸಲ ಬೇಕಾದರೂ ಬಿಚ್ಚಿ ಕಟ್ಟಬಹುದು. ಗಾಜಿನ ಬುಡದಲ್ಲಿ ಕೊಳೆತ ಕಾರನ್ನು ಎಬ್ಬಿಸುವುದು ಬೇರೆಯೇ ಸಾಹಸ.

ಕಾರು ಕೆಂಪಗಿತ್ತು. ಡಿಕ್ಕಿಯ ಕಾರ್ಪೆಟ್ ಎತ್ತಿದರೆ ಒಳಗೆ ಕಡುನೀಲಿ. ಇಟಾಲಿಯನ್ ಕಾರು ಎಂದರೆ ಕೆಂಪಗಿರಬೇಕು ಎಂದು ಯಾರೋ ತೀರ್ಮಾನಿಸಿದ್ದರು. ಬಣ್ಣ ಬದಲಿಸಿದ್ದು ಅಪರಾಧವಲ್ಲ, ಆದರೆ ಬದಲಿಸಿದವರು ಬಣ್ಣದಡಿಯಲ್ಲಿ ಏನನ್ನು ಮುಚ್ಚಿದರು ಎಂದು ಕೇಳಲೇಬೇಕು. ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತ ಹಿಡಿದು ಸುತ್ತು ಬಂದೆವು. ಬಾಗಿಲುಗಳಿಗೆ ಅಂಟಿತು. ಎಡಗಡೆಯ ಹಿಂಚಕ್ರದ ಕಮಾನಿನಲ್ಲಿ ಅಂಗೈಯಗಲದ ಜಾಗದಲ್ಲಿ ಜಾರಿ ಬಿತ್ತು. ಅಲ್ಲಿ ತಗಡಿಲ್ಲ, ಪುಟ್ಟಿ. ಜಾಕ್ ಕೊಡುವ ಜಾಗಗಳು ಮತ್ತು ಬಾಗಿಲ ಕೆಳಗಿನ ಸಿಲ್‌ಗಳು ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿದಾಗ ಗಟ್ಟಿ ಸದ್ದು ಕೊಟ್ಟವು, ಅದು ಸಮಾಧಾನ.

ಮುಂದಿನ ಗಾಜಿನ ಕೆಳಮೂಲೆಯಲ್ಲಿ ರಬ್ಬರ್ ಉಗುರಿನಷ್ಟು ಎದ್ದಿತ್ತು. ಅದರ ಪಕ್ಕದಲ್ಲಿ ಬಣ್ಣದ ಮೇಲೆ ಸಾಸಿವೆ ಚೆಲ್ಲಿದಂತೆ ಪುಟ್ಟ ಗುಳ್ಳೆಗಳು. ಒಂದನ್ನು ಹೆಬ್ಬೆರಳಿನಿಂದ ಒತ್ತಿದೆ; ಬಣ್ಣ ಒಳಗೆ ಕುಸಿದು, ಕಂದು ಪುಡಿ ಡ್ಯಾಶ್‌ಬೋರ್ಡಿನ ಅಂಚಿನ ಮೇಲೆ ಉದುರಿತು. ಚಾಲಕನ ಕಾಲಡಿಯ ಕಾರ್ಪೆಟ್ ಎತ್ತಿ ಅದರ ಕೆಳಗಿನ ಫೆಲ್ಟನ್ನು ಹಿಂಡಿದೆ. ಒದ್ದೆ. ಗಾಜಿನ ಬುಡದಿಂದ ನೀರು ಒಳಗಿಳಿದು, ನೆಲದ ತಗಡಿನ ಮೇಲೆ ನಿಂತು, ನಿಧಾನವಾಗಿ ತಿನ್ನುತ್ತಿತ್ತು. ಗಾಜು ತೆಗೆಯದೆ ಒಳಗಿನ ಸ್ಥಿತಿ ಎಷ್ಟು ಕೆಟ್ಟಿದೆ ಎಂದು ಯಾರೂ ಹೇಳಲಾರರು. ನಾನು ಗೆಳೆಯನಿಗೆ ಹೇಳಿದ್ದು ಇಷ್ಟೇ: ‘ಕಾಣುವುದರ ಮೂರರಷ್ಟು ಎಂದು ಲೆಕ್ಕ ಹಾಕು.’

ಕಾಗದಪತ್ರದ ವಿಷಯದಲ್ಲಿ ಕಾರು ಪ್ರಾಮಾಣಿಕವಾಗಿತ್ತು. ಚಾಸಿ ನಂಬರು ನೋಂದಣಿ ಪುಸ್ತಕದ ಜೊತೆ ಹೊಂದುತ್ತಿತ್ತು. ಆಲ್ಫಾ ಕಂಪನಿಯ ಐತಿಹಾಸಿಕ ದಾಖಲೆ ವಿಭಾಗದಿಂದ ಪಡೆದ ಪ್ರಮಾಣಪತ್ರವೂ ಇತ್ತು; ಅದರಲ್ಲೂ ಮೂಲ ಬಣ್ಣ ನೀಲಿಯೇ. ಬಿಲ್ಲುಗಳ ಕಡತ ದಪ್ಪಗಿತ್ತು. ಆದರೆ ಅದರಲ್ಲಿ ಟೈಮಿಂಗ್ ಬೆಲ್ಟ್ (ವಾಲ್ವುಗಳನ್ನು ಪಿಸ್ಟನ್ನುಗಳ ಓಟಕ್ಕೆ ಹೊಂದಿಸಿ ನಡೆಸುವ ಹಲ್ಲಿನ ಪಟ್ಟಿ) ಬದಲಿಸಿದ ಬಿಲ್ಲು ಇರಲಿಲ್ಲ. ‘ಮಾಡಿಸಿದ ನೆನಪಿದೆ’ ಎಂದರು ಮಾಲೀಕರು. ಬಿಲ್ಲಿಲ್ಲದ ಬೆಲ್ಟ್ ಬದಲಾಗದ ಬೆಲ್ಟ್ ಎಂದೇ ತಿಳಿಯಬೇಕು. ಇದರಲ್ಲಿ ದಾಕ್ಷಿಣ್ಯಕ್ಕೆ ಎಡೆಯಿಲ್ಲ. ಟೈರುಗಳ ಪಕ್ಕೆಯ ಮೇಲಿನ ನಾಲ್ಕಂಕಿಯ ಸಂಖ್ಯೆಯಲ್ಲಿ ಮೊದಲೆರಡು ಅಂಕಿ ತಯಾರಾದ ವಾರವನ್ನು, ಕೊನೆಯೆರಡು ವರ್ಷವನ್ನು ಹೇಳುತ್ತವೆ. ಮೇಲ್ಮೈಯ ಗೀರುಗಳು ಹೊಸದರಂತೆ ಆಳವಾಗಿದ್ದ ಆ ಟೈರುಗಳಿಗೆ ಹದಿನೈದು ವರ್ಷ ದಾಟಿತ್ತು. ಅಷ್ಟೊಂದು ಸಲ ಬ್ಯಾಲೆನ್ಸ್ ಮಾಡಿದವರ ಕಣ್ಣಿಗೆ ಅದು ಬೀಳದ್ದು ನನಗೆ ಇನ್ನೂ ಅಚ್ಚರಿ.

ಚೌಕಾಸಿ ಮಾಡುವ ಮೊದಲು ಗೆಳೆಯ ಒಂದು ಕೆಲಸ ಮಾಡಿದ. ನಡುಕ ಗೇರ್‌ಬಾಕ್ಸಿನದಲ್ಲ, ಶಾಫ್ಟಿನದು ಎಂದು ಮಾಲೀಕರಿಗೆ ನೇರವಾಗಿ ಹೇಳಿಬಿಟ್ಟ. ವ್ಯಾಪಾರದಲ್ಲಿ ಇಷ್ಟು ಸತ್ಯ ಬೇಕಿತ್ತೇ ಎಂದು ಮೂಗು ಮುರಿಯುವವರಿದ್ದಾರೆ. ಬೇಕಿತ್ತು ಎಂದೇ ನನ್ನ ಅಭಿಪ್ರಾಯ. ಏಕೆಂದರೆ ಮರುಕ್ಷಣವೇ ಅವನು ಗಾಜಿನ ಬುಡದ ತುಕ್ಕು, ಹಿಂಚಕ್ರದ ಪುಟ್ಟಿ, ಬೆಲ್ಟಿನ ಬಿಲ್ಲು ಮೂರನ್ನೂ ಮುಂದಿಟ್ಟಾಗ ಮಾಲೀಕರು ಅದನ್ನು ನೆಪ ಎಂದುಕೊಳ್ಳಲಿಲ್ಲ. ಕಾರಿನ ಬುಡವನ್ನು ಅವರೂ ಟಾರ್ಚ್ ಹಿಡಿದು ನೋಡಿದರು. ಬೆಲೆ ಇನ್ನಷ್ಟು ಇಳಿಯಿತು.

ಯಾವುದು ಮೊದಲು

ಕಾರನ್ನು ಓಡಿಸಿಕೊಂಡು ಬರಲಿಲ್ಲ. ಲಾರಿಯ ಮೇಲೆ ತಂದೆವು. ಕೊಂಡ ಉತ್ಸಾಹದಲ್ಲಿ ಮೊದಲ ದಿನವೇ ದೂರ ಓಡಿಸಿ, ಹಳೆಯ ಬೆಲ್ಟ್ ಹರಿದು ಎಂಜಿನ್ ಕಳೆದುಕೊಂಡವರ ಕಥೆಗಳು ಈ ಕಾರುಗಳ ಲೋಕದಲ್ಲಿ ಹೇರಳವಾಗಿವೆ. ಈ ಎಂಜಿನ್ನಿನಲ್ಲಿ ಬೆಲ್ಟ್ ಹೋದರೆ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಬಾಗುತ್ತವೆ.

ನನ್ನ ಲೆಕ್ಕದಲ್ಲಿ ಸರದಿ ಹೀಗೆ: ಮೊದಲು ಬೆಂಕಿಯ ಅಪಾಯ, ಆಮೇಲೆ ಬೆಲ್ಟ್, ಬ್ರೇಕ್, ಆನಂತರ ನಡುಕ. ಹೆಚ್ಚಿನವರು ಹೊಸ ಅಲಾಯ್ ಚಕ್ರದಿಂದ ಶುರುಮಾಡುತ್ತಾರೆ.

ಬೆಂಕಿ ಎಂದದ್ದು ಹೆದರಿಸಲು ಅಲ್ಲ. ಎಲ್-ಜೆಟ್ರಾನಿಕ್ ಇಂಜೆಕ್ಷನ್‌ನಲ್ಲಿ ಪೆಟ್ರೋಲ್ ಒತ್ತಡದಲ್ಲಿ ಹರಿಯುತ್ತದೆ, ಪ್ರತಿ ಇಂಜೆಕ್ಟರಿಗೂ ಗೇಣಿಗಿಂತ ಚಿಕ್ಕದಾದ ರಬ್ಬರ್ ಹೋಸ್ ಇದೆ. ಆರೂ ಹೋಸುಗಳು ಬಿಸಿ ಎಂಜಿನ್ನಿನ ನೆತ್ತಿಯ ಮೇಲೆ ದಶಕಗಳ ಕಾಲ ಬೆಂದಿರುತ್ತವೆ. ನಮ್ಮ ಕಾರಿನಲ್ಲಿ ಒಂದನ್ನು ಬಗ್ಗಿಸಿದಾಗ ಹೊರಪದರ ಚೂರುಚೂರಾಗಿ ಕೈಗೆ ಬಂತು. ಸೋರಲು ಇನ್ನೂ ಶುರುವಾಗಿರಲಿಲ್ಲ, ಅಷ್ಟೇ. ಟ್ಯಾಂಕಿನಿಂದ ಎಂಜಿನ್ನಿನವರೆಗೆ ಎಲ್ಲ ಪೆಟ್ರೋಲ್ ಹೋಸುಗಳನ್ನೂ ಇಂಜೆಕ್ಷನ್ ಒತ್ತಡ ತಡೆಯುವ, ಎಥನಾಲ್ ಬೆರೆತ ಪೆಟ್ರೋಲಿಗೂ ಕರಗದ ಹೋಸಿನಿಂದ ಬದಲಿಸಿ, ಹಳೆಯ ಪೆಟ್ರೋಲ್ ಖಾಲಿ ಮಾಡಿ, ಫಿಲ್ಟರ್ ಹೊಸದು ಹಾಕಿದ್ದಾಯಿತು. ಗಾಳಿ ಅಳೆಯುವ ಮೀಟರಿಗೂ ಎಂಜಿನ್ನಿಗೂ ನಡುವಿನ ದೊಡ್ಡ ರಬ್ಬರ್ ಕೊಳವೆಯ ಮಡಿಕೆಯಲ್ಲಿ ಬಿರುಕಿತ್ತು. ಮೀಟರ್ ಅಳೆಯದ ಗಾಳಿ ಅದರಿಂದ ಒಳಹೋಗಿ, ಪೆಟ್ರೋಲ್ ಕಡಿಮೆಯಾಗಿ, ಆಕ್ಸಿಲರೇಟರ್ ಒತ್ತಿದ ಮೊದಲ ಕ್ಷಣ ಎಂಜಿನ್ ತಡವರಿಸುತ್ತಿತ್ತು. ಕೊಳವೆ ಬದಲಿಸಿದ ಮೇಲೆ ಆ ತಡವರಿಕೆ ಹೋಯಿತು. ಅದಕ್ಕೆ ಇಂಜೆಕ್ಷನ್ ಕಂಪ್ಯೂಟರನ್ನು ದೂರಿ, ತೆಗೆದು, ಮತ್ತೆ ಹಾಕಿದ ಗುರುತುಗಳು ಸ್ಕ್ರೂಗಳ ಮೇಲಿದ್ದವು.

ಬೆಲ್ಟಿನ ಮುಚ್ಚಳ ತೆಗೆದಾಗ ಕಂಡದ್ದು ಮಿರುಗುವ ಬೆಲ್ಟ್. ಒಣಗಿರಬೇಕಾದ ರಬ್ಬರ್ ಹಲ್ಲುಗಳ ಮೇಲೆ ಆಯಿಲ್ ಪಸೆ. ಬೆಲ್ಟನ್ನು ಬಿಗಿಯಾಗಿ ಹಿಡಿಯುವ, ಈ ಎಂಜಿನ್ನಿನ ಮೂಲ ಟೆನ್ಷನರ್ ಎಂಜಿನ್ ಆಯಿಲ್‌ನ ಒತ್ತಡವನ್ನೇ ಬಳಸಿ ಕೆಲಸ ಮಾಡುತ್ತದೆ; ಅದರ ಸೀಲ್ ಹೋದರೆ ಆಯಿಲ್ ನೇರವಾಗಿ ಬೆಲ್ಟಿನ ಮೇಲೆ. ಬುದ್ಧಿವಂತಿಕೆ ತುಸು ಹೆಚ್ಚಾಯಿತು ಎನ್ನಿಸುವ ಭಾಗ ಇದು. ಮೂಲದಂತೆಯೇ ಇರಬೇಕು ಎನ್ನುವ ಹಟ ನನಗೂ ಇದೆ, ಆದರೆ ಇಲ್ಲಿ ಅಲ್ಲ. ಸ್ಪ್ರಿಂಗಿನಿಂದ ಕೆಲಸ ಮಾಡುವ ಮೆಕ್ಯಾನಿಕಲ್ ಟೆನ್ಷನರ್ ಹಾಕಿಸಿ, ಆಯಿಲ್ ಬರುವ ದಾರಿಯನ್ನೇ ಮುಚ್ಚಿಸಿದೆವು. ಕ್ಯಾಮ್‌ಶಾಫ್ಟ್ ಸೀಲುಗಳೂ ಜೊತೆಗೆ. ಹೊಸ ಬೆಲ್ಟ್ ಕೂತ ಮೇಲೆ ಎಂಜಿನ್ ಅನ್ನು ಸ್ಪ್ಯಾನರಿನಿಂದ ಕೈಯಲ್ಲೇ ಎರಡು ಪೂರ್ತಿ ಸುತ್ತು ತಿರುಗಿಸಿ, ಗುರುತುಗಳು ಮತ್ತೆ ಎದುರುಬದುರು ಬರುತ್ತವೆಯೇ ಎಂದು ನೋಡಬೇಕು. ತಿರುಗಿಸುವುದು ಮುಂದಕ್ಕೆ ಮಾತ್ರ. ಹಿಂದಕ್ಕೆ ತಿರುಗಿಸಿದರೆ ಬೆಲ್ಟ್ ಸಡಿಲಗೊಂಡು ಹಲ್ಲು ಹಾರಬಹುದು.

ಎಂಜಿನ್ನಿನ ಬ್ಲಾಕ್ ಅಲ್ಯೂಮಿನಿಯಂ, ಸಿಲಿಂಡರ್ ಲೈನರುಗಳ (ಪಿಸ್ಟನ್ ಓಡಾಡುವ ಲೋಹದ ಕೊಳವೆಗಳ) ಹೊರಮೈಗೆ ಕೂಲಂಟ್ ನೇರವಾಗಿ ತಾಗುತ್ತದೆ. ಬರೀ ನೀರು ತುಂಬಿ ಓಡಿಸಿದರೆ ಲೈನರ್ ಬುಡದಲ್ಲಿ ಲೋಹ ಕೊರೆದು ಹೋಗುತ್ತದೆ. ಆಯಿಲ್ ಮುಚ್ಚಳದ ಒಳಗೆ ಬಿಳಿ ಲೇಪವಿರಲಿಲ್ಲ, ಆಯಿಲ್ ಬಣ್ಣ ಸರಿಯಿತ್ತು. ಇಲ್ಲಿ ಅದೃಷ್ಟ ಚೆನ್ನಾಗಿತ್ತು. ಕೂಲಂಟ್ ಬದಲಿಸಿ ಮುಂದಕ್ಕೆ ಹೋದೆವು.

ಬ್ರೇಕುಗಳು ತಾಳ್ಮೆ ಪರೀಕ್ಷಿಸಿದವು. ಹಿಂದಿನ ಡಿಸ್ಕುಗಳು ಗೇರ್‌ಬಾಕ್ಸಿನ ಮಗ್ಗುಲಲ್ಲಿ, ಕಾರಿನ ನಡುಹೊಟ್ಟೆಯಲ್ಲಿ. ಚಕ್ರ ಬಿಚ್ಚಿದರೆ ಅವು ಕಾಣುವುದೂ ಇಲ್ಲ. ಮಲಗಿಕೊಂಡು, ಮೊಣಕೈ ತಾಗುವ ಸಂದಿಯಲ್ಲಿ ಕೈಹಾಕಿ ಕೆಲಸ ಮಾಡಬೇಕು. ಹಾಗಾಗಿಯೇ ಹಿಂದಿನ ಮಾಲೀಕರೆಲ್ಲರ ಕಾಲದಲ್ಲೂ ಅವನ್ನು ಮುಟ್ಟದೆ ಬಿಟ್ಟಿದ್ದರು. ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಒಂದು ಕ್ಯಾಲಿಪರಿನ ಪಿಸ್ಟನ್ ಕಚ್ಚಿ ನಿಂತಿತ್ತು. ಡಿಫರೆನ್ಷಿಯಲ್ ಪಕ್ಕದ ಸೀಲಿನಿಂದ ಸೋರಿದ ಆಯಿಲ್ ಒಂದು ಡಿಸ್ಕಿಗೆ ಸವರಿತ್ತು. ಸೀಲ್ ಬದಲಿಸದೆ ಪ್ಯಾಡ್ ಬದಲಿಸಿದ್ದರೆ ವಾರದೊಳಗೆ ಹೊಸ ಪ್ಯಾಡುಗಳೂ ಹಾಳಾಗುತ್ತಿದ್ದವು. ಹ್ಯಾಂಡ್‌ಬ್ರೇಕ್ ಈ ಕಾರಿನಲ್ಲಿ ಎಂದಿಗೂ ಬಲಶಾಲಿಯಲ್ಲ. ಮೊದಲು ಕ್ಯಾಲಿಪರಿನಲ್ಲಿರುವ ಅಂತರ ಸರಿಮಾಡಿ, ಆಮೇಲಷ್ಟೇ ಕೇಬಲ್ ಬಿಗಿ ಮಾಡಬೇಕು. ಜನ ಕೇಬಲ್ ಮಾತ್ರ ಎಳೆಯುತ್ತಾರೆ.

ಶಾಫ್ಟ್

ಇಷ್ಟಾದ ಮೇಲೆ ಶಾಫ್ಟಿನ ಸರದಿ. ಕೆಲಸ ವಹಿಸಿಕೊಂಡ ಹಿರಿಯ ಮೆಕ್ಯಾನಿಕ್ ಮೊದಲು ಶಾಫ್ಟನ್ನು ಪೂರ್ತಿ ಇಳಿಸಿ, ಎಂಜಿನ್ ಒಂದನ್ನೇ ಚಾಲೂ ಮಾಡಿದರು. 2,500ರಲ್ಲೂ 4,000ದಲ್ಲೂ ಎಂಜಿನ್ ನಯವಾಗಿ ತಿರುಗಿತು. ‘ಇನ್ನು ಬೇರೆ ಸಾಕ್ಷಿ ಬೇಡ’ ಎಂದರು.

ಎಂಜಿನ್ ಹಿಂಭಾಗದ ಆಯಿಲ್ ಸೀಲ್ ಬದಲಿಸದೆ ಹೊಸ ಕಪ್ಲಿಂಗ್ ಹಾಕುವುದು ವ್ಯರ್ಥ ಎಂದು ಅವರೇ ಹಟ ಹಿಡಿದು ಅದನ್ನು ಮೊದಲು ಮಾಡಿದರು. ಕಪ್ಲಿಂಗುಗಳಲ್ಲಿ ಅಗ್ಗದವು ಸಿಗುತ್ತವೆ. ಎಂಜಿನ್ ವೇಗದಲ್ಲಿ ತಿರುಗುತ್ತ, ಪ್ರತಿ ಗೇರ್ ಬದಲಾವಣೆಯ ಹೊಡೆತವನ್ನೂ ನುಂಗುವ ಭಾಗವಿದು. ಇಲ್ಲಿ ಉಳಿಸಿದ ಹಣ ಮತ್ತೊಮ್ಮೆ ಶಾಫ್ಟ್ ಇಳಿಸುವ ಕೂಲಿಗೆ ಹೋಗುತ್ತದೆ. ಒಳ್ಳೆಯ ಕಪ್ಲಿಂಗುಗಳ ಸುತ್ತ ಒಂದು ಲೋಹದ ಪಟ್ಟಿ ಬಿಗಿದೇ ಬರುತ್ತದೆ. ಅದು ಸಾಗಣೆಗಾಗಿ ಕಟ್ಟಿದ ಪಟ್ಟಿಯೆಂದು ಕೆಲವರು ಮೊದಲೇ ಕತ್ತರಿಸಿ ಎಸೆಯುತ್ತಾರೆ. ಆಮೇಲೆ ರಬ್ಬರ್ ಹಿಗ್ಗಿ, ಬೋಲ್ಟ್ ತೂತುಗಳು ಒಂದಕ್ಕೊಂದು ಕೂಡುವುದಿಲ್ಲ. ರಬ್ಬರನ್ನು ಒತ್ತಿ ಹಿಡಿದಿಡುವುದಕ್ಕೇ ಆ ಪಟ್ಟಿ. ಎಲ್ಲ ಬೋಲ್ಟುಗಳೂ ಕೂತ ಮೇಲಷ್ಟೇ ಅದನ್ನು ಬಿಚ್ಚಬೇಕು. ಬಿಗಿ ಮಾಡುವಾಗ ಲೋಹದ ಫ್ಲಾಂಜ್ (ಶಾಫ್ಟಿನ ತುದಿಯ ಬೋಲ್ಟ್ ತೂತುಗಳ ಬಿಲ್ಲೆ) ಕಡೆಯಿಂದ ತಿರುಗಿಸಬೇಕು. ರಬ್ಬರಿನ ಕಡೆಯಿಂದ ತಿರುಗಿಸಿದರೆ ಒಳಗಿನ ಬುಷ್ ಸಹಿತ ರಬ್ಬರ್ ತಿರುಚಿಕೊಂಡು, ಹೊಸದಿರುವಾಗಲೇ ಅರ್ಧ ಆಯುಷ್ಯ ಮುಗಿಯುತ್ತದೆ.

ಬಿಚ್ಚುವ ಮೊದಲು ಎರಡೂ ತುಂಡುಗಳ ಮೇಲೆ ಗುರುತು ಹಾಕಿ, ಅದೇ ಗುರುತಿಗೆ ಮರುಜೋಡಿಸಿದ್ದರು. ಶಾಫ್ಟ್ ಇಡಿಯಾಗಿ ಬ್ಯಾಲೆನ್ಸ್ ಆಗಿರುವುದರಿಂದ ಇದು ಕಡ್ಡಾಯ. ಚಾಲೂ ಮಾಡಿದಾಗ 2,500ರ ನಡುಕ ಮಾಯ. 4,000ದಲ್ಲಿ ಮಾತ್ರ ತೆಳುವಾಗಿ ಉಳಿದಿತ್ತು. ಗೆಳೆಯ ‘ಹಳೆಯ ಕಾರು, ಇಷ್ಟಿದ್ದರೆ ಇರಲಿ ಬಿಡಿ’ ಎಂದ. ಮೆಕ್ಯಾನಿಕ್ ಬಿಡಲಿಲ್ಲ. ಶಾಫ್ಟನ್ನು ಮತ್ತೆ ಇಳಿಸಿ, ನಡುವಿನ ಫ್ಲಾಂಜಿನ ಹಳೆಯ ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೊಳೆದು ನೋಡಿದರು. ಅಡಿಯಲ್ಲಿ ಮಾಸಿದ ಬಿಳಿ ಬಣ್ಣದ ಎರಡು ಗೆರೆಗಳಿದ್ದವು, ತುಂಡಿಗೊಂದು. ಎರಡೂ ಎದುರುಬದುರಾಗಿರಲಿಲ್ಲ; ಒಂದು ಬೋಲ್ಟ್ ತೂತಿನಷ್ಟು ಸರಿದಿದ್ದವು. ಹಿಂದೆ ಯಾವಾಗಲೋ ಯಾರೋ ಶಾಫ್ಟ್ ಬಿಚ್ಚಿ, ಗುರುತು ನೋಡದೆ ಜೋಡಿಸಿದ್ದರು. ನಮ್ಮ ಹೊಸ ಗುರುತು ಆ ತಪ್ಪನ್ನು ನಿಷ್ಠೆಯಿಂದ ಕಾಪಾಡಿತ್ತು! ಹಳೆಯ ಗೆರೆಗೆ ಗೆರೆ ಕೂಡಿಸಿ, ನಡುವಿನ ಬೇರಿಂಗನ್ನೂ ಹೊಸದು ಹಾಕಿ, ಬ್ಯಾಲೆನ್ಸಿಂಗ್ ಯಂತ್ರದ ಮೇಲೆ ಪರೀಕ್ಷಿಸಿ ತಂದು ಕೂರಿಸಿದರು. ಅದರ ನಂತರ ಗೇರ್ ಲಿವರಿನ ಮೇಲೆ ಕೈಯಿಟ್ಟರೆ ಎಂಜಿನ್ನಿನ ಗುಂಗು ಮಾತ್ರ ಸಿಗುತ್ತದೆ.

ಕ್ಲಚ್ಚಿನ ವಿಷಯ ಬೇಗ ಮುಗಿಯಿತು. ಹಿಂದಕ್ಕೆ ಹೋಗುವ ರಬ್ಬರ್ ಹೋಸ್ ಒಳಗಿನಿಂದ ಊದಿಕೊಂಡಿತ್ತು, ಕ್ಲಚ್ಚನ್ನು ತಳ್ಳುವ ಸ್ಲೇವ್ ಸಿಲಿಂಡರ್ ಜಿನುಗುತ್ತಿತ್ತು. ಎರಡನ್ನೂ ಬದಲಿಸಿದ ಮೇಲೆ ರಿವರ್ಸ್ ಸದ್ದಿಲ್ಲದೆ ಬೀಳತೊಡಗಿತು. ಗೇರ್ ಲಿವರಿನಿಂದ ಹಿಂದಿನ ಗೇರ್‌ಬಾಕ್ಸಿನವರೆಗೆ ಹೋಗುವ ಸರಳಿನ ಬುಷ್‌ಗಳು ಸವೆದಿದ್ದವು. ಅವನ್ನೂ ಬದಲಿಸಿದಾಗ ಲಿವರಿಗೆ ದಿಕ್ಕು ಬಂತು.

ಇಟಾಲಿಯನ್ ವೈರಿಂಗ್ ಬಗ್ಗೆ ಇರುವ ಅಪಕೀರ್ತಿ ಅರ್ಧ ಸುಳ್ಳು. ಇಂಡಿಕೇಟರ್ ಹಾಕಿದರೆ ಹಿಂದಿನ ದೀಪ ಮಂಕಾಗಿ ಮಿಟುಕುತ್ತಿತ್ತು. ಅರ್ಥಿಂಗ್ ಕೆಟ್ಟಿದೆ ಎಂಬುದಕ್ಕೆ ಅದಕ್ಕಿಂತ ಸ್ಪಷ್ಟ ಲಕ್ಷಣವಿಲ್ಲ. ಡಿಕ್ಕಿಯಲ್ಲೂ ಎಂಜಿನ್ ಕೋಣೆಯಲ್ಲೂ ಅರ್ಥಿಂಗ್ ಬೋಲ್ಟುಗಳನ್ನು ಬಿಚ್ಚಿ, ಹಸಿರು ಕಿಲುಬನ್ನು ಮರಳುಕಾಗದದಿಂದ ಉಜ್ಜಿ, ಫ್ಯೂಸಿನ ಹಿಡಿಕೆಗಳನ್ನು ಸ್ವಚ್ಛಗೊಳಿಸಿದ್ದಷ್ಟೇ. ಒಂದು ವೈರನ್ನೂ ಬದಲಿಸಬೇಕಾಗಲಿಲ್ಲ.

ಗಾಜಿನ ಬುಡ

ಗಾಜು ತೆಗೆದ ದಿನ ನಾನು ಹೇಳಿದ ‘ಮೂರರಷ್ಟು’ ಸಾಲದು ಎಂದು ತಿಳಿಯಿತು. ಎಡಮೂಲೆಯಿಂದ ಶುರುವಾದ ತುಕ್ಕು ಗಾಜಿನ ಚೌಕಟ್ಟಿನ ಕೆಳಬದಿಯ ಅರ್ಧದವರೆಗೆ ತಿಂದು, ಬಾನೆಟ್ಟಿನ ಹಿಂದಿನ ಪೆಟ್ಟಿಗೆಯಂಥ ಭಾಗದೊಳಗೆ ಇಳಿದಿತ್ತು. ಹಿಂದೆ ಯಾರೋ ಅದರ ಮೇಲೆ ಸೀಲಂಟ್ ಬಳಿದು, ಕೆಂಪು ಬಣ್ಣ ಹೊಡೆದಿದ್ದರು. ಸೀಲಂಟ್ ನೀರನ್ನು ಹೊರಗಿಡಲಿಲ್ಲ. ಒಳಗಿದ್ದದ್ದನ್ನು ಆರಲು ಬಿಡಲಿಲ್ಲ.

ಟಿಂಕರಿಂಗ್ ಮಾಡುವವರು ಕೊಳೆತದ್ದನ್ನು ಗಟ್ಟಿ ತಗಡು ಸಿಗುವವರೆಗೆ 
ಕತ್ತರಿಸಿದರು. ಮೇಲೆ ತೇಪೆ ಹಾಕುವುದು ಬೇಡ, ಅಂಚಿಗೆ ಅಂಚು ಕೂಡಿಸಿ ವೆಲ್ಡ್ ಮಾಡಿ ಎಂಬುದೊಂದೇ ನಮ್ಮ ಷರತ್ತು. ತೇಪೆ ಮತ್ತು ಹಳೆಯ ತಗಡಿನ ನಡುವೆ ಉಳಿಯುವ ಸಂದಿಯೇ ಮುಂದಿನ ತುಕ್ಕಿನ ಮನೆ. ಹೊಸ ತಗಡಿನ ಒಳಮೈಗೆ ಪ್ರೈಮರ್, ಆಮೇಲೆ ಟೊಳ್ಳುಗಳಿಗೆ ಮೇಣದ ಸಿಂಪಡಣೆ. ಗಾಜಿನ ರಬ್ಬರ್ ಹೊಸದು. ನೀರು ಹರಿದುಹೋಗುವ ಸಣ್ಣ ಕಿಂಡಿಗಳಲ್ಲಿ ಒಣಗಿದ ಎಲೆ, ಮಣ್ಣು ತುಂಬಿ ಗಟ್ಟಿಯಾಗಿತ್ತು. ಇಡೀ ಅನಾಹುತಕ್ಕೆ ಅದೇ ಮೊದಲ ಕಾರಣವಿರಬೇಕು. ತಂತಿಯಿಂದ ಅದನ್ನು ತೆಗೆಯುವುದಕ್ಕೆ ಒಂದು ಪೈಸೆ ಖರ್ಚಿಲ್ಲ.

ಹಿಂಚಕ್ರದ ಕಮಾನಿನ ಪುಟ್ಟಿಯನ್ನೂ ಕೆತ್ತಿ ತಗಡು ಹಾಕಿದ್ದಾಯಿತು. ಈ ಎರಡು ಕೆಲಸಗಳ ಬಿಲ್ಲು ಬೆಲ್ಟ್, ಬ್ರೇಕ್, ಶಾಫ್ಟ್, ಕ್ಲಚ್, ಟೈರ್ ಎಲ್ಲವನ್ನೂ ಕೂಡಿಸಿದ ಮೊತ್ತಕ್ಕಿಂತ ಹೆಚ್ಚು ಬಂತು. ಮಾಲೀಕರನ್ನು ವರ್ಷಗಟ್ಟಲೆ ಕಾಡಿ, ಕಾರನ್ನೇ ಮಾರುವಂತೆ ಮಾಡಿದ ನಡುಕದ ಪಾಲು ಆ ಒಟ್ಟು ಖರ್ಚಿನಲ್ಲಿ ಚಿಕ್ಕದು. ನೀಲಿ ಬಣ್ಣಕ್ಕೆ ಮರಳಬೇಕೇ ಎಂಬ ಚರ್ಚೆ ನಡೆದು, ಹಣ ಮುಗಿದದ್ದರಿಂದ ಚರ್ಚೆಯೂ ಮುಗಿಯಿತು. ಕಾರು ಕೆಂಪಗೇ ಇದೆ.

ಈಗ ಅದು ಹದಿನೈದು ದಿನಕ್ಕೊಮ್ಮೆಯಾದರೂ ಆಯಿಲ್ ಚೆನ್ನಾಗಿ ಬಿಸಿಯಾಗುವಷ್ಟು ದೂರ ಓಡುತ್ತದೆ. ಶೆಡ್ಡಿನಲ್ಲೇ ಐದು ನಿಮಿಷ ಚಾಲೂ ಮಾಡಿ ಆರಿಸುವ ಪದ್ಧತಿಯನ್ನು ನಿಲ್ಲಿಸಿದ್ದೇವೆ. ಅದರಿಂದ ಸೈಲೆನ್ಸರಿನಲ್ಲೂ ಆಯಿಲ್‌ನಲ್ಲೂ ನೀರಿನಂಶ ಸೇರುವುದೇ ಹೊರತು ಲಾಭವಿಲ್ಲ. ಬ್ರೇಕ್ ದ್ರವ ಎರಡು ವರ್ಷಕ್ಕೊಮ್ಮೆ ಬದಲಾಗುತ್ತದೆ. ಬೆಲ್ಟಿನ ಮುಚ್ಚಳದ ಮೇಲೆ ತಿಂಗಳು, ವರ್ಷ, ಕಿಲೋಮೀಟರ್ ಬರೆದ ಚೀಟಿ ಅಂಟಿಸಿದೆ, ಬಿಲ್ಲು ಕಡತದಲ್ಲಿದೆ.

ಎರಡನೇ ಗೇರ್ ಬೆಳಗಿನ ಮೊದಲ ಕೆಲವು ನಿಮಿಷ ಈಗಲೂ ಮುನಿಸಿಕೊಳ್ಳುತ್ತದೆ. ಸಿಂಕ್ರೊ ಸವೆದಿರುವುದು ನಿಜ. ಆಯಿಲ್ ಬಿಸಿಯಾಗುವವರೆಗೆ ಲಿವರನ್ನು ನಡುವೆ ಒಂದು ಕ್ಷಣ ತಡೆದು, ಮೆಲ್ಲಗೆ ಹಾಕುವುದನ್ನು ಗೆಳೆಯ ರೂಢಿ ಮಾಡಿಕೊಂಡಿದ್ದಾನೆ. ಅದೊಂದಕ್ಕಾಗಿ ಗೇರ್‌ಬಾಕ್ಸ್ ಇಳಿಸುವುದು ಬೇಡ, ಮುಂದೆ ಕ್ಲಚ್ ಪ್ಲೇಟ್ ಬದಲಿಸಲು ಹೇಗೂ ಇಳಿಸಬೇಕಲ್ಲ, ಆಗ ಒಟ್ಟಿಗೆ ಮಾಡೋಣ ಎಂದು ಮೆಕ್ಯಾನಿಕ್ ಹೇಳಿದ್ದಾರೆ.